ಹತ್ತು ಎಲೆಕ್ಟ್ರಾನುಗಳ ಸೋಡಿಯಂ ನಿಯಾನ್ ಆಗಿಬಿಟ್ಟಿತೇ?

ಕಡೇಬೆಂಚು: ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳಿರುತ್ತವೆ. ಒಂದನ್ನು ಕಳೆದುಕೊಂಡು ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು) ಆದಾಗ 10 ಉಳಿಯುತ್ತವೆ. ನಿಯಾನಿನಲ್ಲಿರುವುದೂ ಹತ್ತೇ. ರಾಸಾಯನಿಕ ಗುಣಗಳನ್ನು ನಿರ್ಧರಿಸುವುದು ಎಲೆಕ್ಟ್ರಾನುಗಳೇ ಎಂದು ಎಲ್ಲರೂ ಪಾಠ ಒಪ್ಪಿಸುತ್ತಾರೆ. ಹಾಗಿದ್ದ ಮೇಲೆ ಉಪ್ಪಿನ ಹರಳಿನಲ್ಲಿ ಅಯಾನಾಗಿ ಇರುವುದು ಸೋಡಿಯಂ ಎನ್ನುವುದಕ್ಕೆ ಹೆಸರಿನ ಹಟವನ್ನು ಬಿಟ್ಟರೆ ಬೇರೆ ಆಧಾರವೇನಿದೆ?

ತಕ್ಕಡಿ: ಇದು ಹೆಸರಿನ ಹಟವಲ್ಲ, ಬೀಜಕೇಂದ್ರದ ಲೆಕ್ಕ. ನಿಯಾನ್ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು 21.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಸಾಕು. ಸೋಡಿಯಂ ಅಯಾನಿನಿಂದ ಕೀಳಲು 47.3 ಬೇಕು. ಹತ್ತು ಎಲೆಕ್ಟ್ರಾನುಗಳನ್ನು ಒಂದು ಕಡೆ ಬೀಜಕೇಂದ್ರದ 10 ಪ್ರೋಟಾನುಗಳು ಹಿಡಿದಿವೆ, ಇನ್ನೊಂದು ಕಡೆ 11. ಧಾತುವಿನ ಗುರುತು ಬೀಜಕೇಂದ್ರದ ವಿದ್ಯುದಾವೇಶದಲ್ಲಿದೆ ಎಂಬುದನ್ನು ಭೌತವಿಜ್ಞಾನಿ ಮೋಸ್ಲಿ 1913ರಲ್ಲೇ ಎಕ್ಸ್ ಕಿರಣಗಳ ಮೂಲಕ ತೋರಿಸಿದ್ದಾರೆ. ಪ್ರೋಟಾನು ಬದಲಾಗದೆ ಧಾತು ಬದಲಾಗದು. ಇನ್ನು ಬೀಜಕೇಂದ್ರದಲ್ಲೇ ಇರುವ, ಆವೇಶವಿಲ್ಲದ ನ್ಯೂಟ್ರಾನುಗಳು ಎಷ್ಟೇ ಹೆಚ್ಚುಕಡಿಮೆಯಾದರೂ ರಸಾಯನಶಾಸ್ತ್ರಕ್ಕೆ ಅವುಗಳ ಗೊಡವೆಯೇ ಇಲ್ಲ.

ಬೀಕರ್: "ಗೊಡವೆಯೇ ಇಲ್ಲ" ಎಂದಿರಿ. ಹೈಡ್ರೋಜನ್ನಿಗೆ ಒಂದೇ ಒಂದು ನ್ಯೂಟ್ರಾನ್ ಸೇರಿಸಿದರೆ ಡ್ಯೂಟೀರಿಯಂ ಆಗುತ್ತದೆ, ಅದರಿಂದಾದ ಭಾರಜಲ 3.8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ. ಲೋಟದ ತಣ್ಣೀರಿಗೆ ಭಾರಜಲದ ಮಂಜುಗಡ್ಡೆಯೊಂದನ್ನು ಹಾಕಿ ನೋಡಿ: ತೇಲುವುದಿಲ್ಲ, ಸೀದಾ ತಳ ಸೇರುತ್ತದೆ. ಇಷ್ಟಾದರೂ ಗೊಡವೆ ಇಲ್ಲವೇ?

ತಕ್ಕಡಿ: ಹೆಪ್ಪುಗಟ್ಟುವುದೂ ಮುಳುಗುವುದೂ ಭೌತಿಕ ಗುಣಗಳು ಎಂಬುದು ಪ್ರೌಢಶಾಲೆಯ ಪಾಠ. ನಾನು ಹೇಳಿದ್ದು ರಸಾಯನಶಾಸ್ತ್ರದ ಬಗ್ಗೆ. ಯುರೇನಿಯಂ 235 ಮತ್ತು 238ನ್ನು ಬೇರ್ಪಡಿಸಲು ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಸಾವಿರಾರು ಹಂತಗಳಲ್ಲಿ ಸೋಸಿದ್ದೇಕೆ? ಯಾವುದೋ ಆಮ್ಲದಿಂದ ಸುಲಭವಾಗಿ ಪ್ರತ್ಯೇಕಿಸಲು ಆಗಲಿಲ್ಲ ಎಂಬುದಕ್ಕೇ ಅಲ್ಲವೇ?

ಬೀಕರ್: ಯುರೇನಿಯಮ್ಮಿನ ಮರೆಯಲ್ಲಿ ಅಡಗಿಕೊಳ್ಳಬೇಡಿ. ಅಲ್ಲಿ ಎರಡು ಸಮಸ್ಥಾನಿಗಳ (ನ್ಯೂಟ್ರಾನುಗಳ ಸಂಖ್ಯೆಯಲ್ಲಷ್ಟೇ ಬೇರೆಯಾದ ಒಂದೇ ಧಾತುವಿನ ಪರಮಾಣುಗಳ) ರಾಶಿಯ ವ್ಯತ್ಯಾಸ ಶೇಕಡಾ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ; ಹೈಡ್ರೋಜನ್ನಿನಲ್ಲಿ ಅದು ನೇರ ಇಮ್ಮಡಿ. ಕಾರ್ಬನ್–ಹೈಡ್ರೋಜನ್ ಬಂಧ ಮುರಿಯುವ ಕೆಲವು ಕ್ರಿಯೆಗಳಲ್ಲಿ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇಟ್ಟರೆ ವೇಗ ಆರೇಳು ಪಟ್ಟು ತಗ್ಗುತ್ತದೆ. ಬಂಧ ಮುರಿಯುವುದೂ ಭೌತಿಕ ಗುಣವೇನು, ಮಹಾಶಯರೇ?

ತಕ್ಕಡಿ: ವ್ಯಂಗ್ಯಕ್ಕೆ ಉತ್ತರ ಕೊಡುವುದಿಲ್ಲ. ವೇಗ ತಗ್ಗಿತೇ ಹೊರತು ಕ್ರಿಯೆ ಬದಲಾಗಲಿಲ್ಲ ಎಂದು ನೀವೇ ಒಪ್ಪಿಕೊಂಡಂತಾಯಿತು.

ಬೀಕರ್: ನಾನು ಏನನ್ನೂ ಒಪ್ಪಿಲ್ಲ! ನನ್ನ ಬಾಯಲ್ಲಿ ಮಾತು ತುರುಕುವ ಚಾಳಿ ಬಿಡಿ.

ಹಳೇಪುಟ: ಇಬ್ಬರೂ ಕೊಂಚ ತಾಳ್ಮೆಯಿಂದ ಕೇಳಿ. ಐಸೋಟೋಪ್ (ಸಮಸ್ಥಾನಿ) ಎಂಬ ಪದವನ್ನು 1913ರಲ್ಲಿ ಬಳಕೆಗೆ ತಂದ ರಸಾಯನವಿಜ್ಞಾನಿ ಸಾಡಿ, ಆವರ್ತ ಕೋಷ್ಟಕದ ಒಂದೇ ಸ್ಥಾನದಲ್ಲಿ ಕೂರುವ, ರಾಸಾಯನಿಕವಾಗಿ ಬೇರ್ಪಡಿಸಲಾಗದ ಪರಮಾಣುಗಳು ಎಂಬ ಅರ್ಥದಲ್ಲಿ ಅದನ್ನು ಬಳಸಿದ್ದರು. 1931ರಲ್ಲಿ ರಸಾಯನವಿಜ್ಞಾನಿ ಯೂರಿ ಡ್ಯೂಟೀರಿಯಮ್ಮನ್ನು ಪತ್ತೆ ಮಾಡಿದ ಮೇಲೆ, ನೀರಿನ ವಿದ್ಯುದ್ವಿಭಜನೆಯಿಂದಲೇ (ವಿದ್ಯುತ್ ಹಾಯಿಸಿ ಒಡೆಯುವುದರಿಂದಲೇ) ಅದನ್ನು ಸಾಂದ್ರಗೊಳಿಸಬಹುದೆಂದು ತಿಳಿದಾಗ, ಅದನ್ನು ಐಸೋಟೋಪ್ ಎನ್ನಲು ಸ್ವತಃ ಸಾಡಿಯವರೇ ಒಪ್ಪಲಿಲ್ಲ. ಅಂದರೆ ನಿಮ್ಮ ಜಗಳ ಹೊಸದೇನಲ್ಲ.

ಬೀಕರ್: "ಸಾಡಿಯವರೇ ಒಪ್ಪಲಿಲ್ಲ." ಈ ವಾಕ್ಯವನ್ನು ತಕ್ಕಡಿಯವರು ಎರಡು ಸಲ ಓದಲಿ.

ತಕ್ಕಡಿ: ಓದಿದೆ. ವ್ಯಾಖ್ಯೆ ಕೊನೆಗೆ ಸಾಡಿಯವರ ಕೈಯಲ್ಲಿ ಉಳಿಯಲಿಲ್ಲ. 1932ರಲ್ಲಿ ನ್ಯೂಟ್ರಾನ್ ಸಿಕ್ಕಿತು, ವ್ಯಾಖ್ಯೆ ಪ್ರೋಟಾನು–ನ್ಯೂಟ್ರಾನುಗಳ ಲೆಕ್ಕಕ್ಕೆ ಬಂತು, ಡ್ಯೂಟೀರಿಯಂ ಇಂದಿಗೂ ಹೈಡ್ರೋಜನ್ನಿನ ಮನೆಯಲ್ಲೇ ಇದೆ. ನಿಮ್ಮ ಸಮಾಧಾನಕ್ಕೆ "ಗೊಡವೆಯೇ ಇಲ್ಲ" ಎಂಬಲ್ಲಿ "ಬಹುಮಟ್ಟಿಗೆ ಇಲ್ಲ" ಎಂದು ಓದಿಕೊಳ್ಳಿ. ಇದು ತಿದ್ದುಪಡಿಯಲ್ಲ, ಸ್ಪಷ್ಟೀಕರಣ.

ಕಡೇಬೆಂಚು: ನನ್ನ ಪ್ರಶ್ನೆ ಭಾರಜಲದ ತಳ ಸೇರಿದಂತಿದೆ. 47.3 ಎಂಬ ಅಂಕಿಯಿಂದ ಏನೂ ಸಾಬೀತಾಗುವುದಿಲ್ಲ. ಧನ ಅಯಾನಿನಿಂದ ಎಲೆಕ್ಟ್ರಾನ್ ಕೀಳುವುದು ಹೇಗೂ ಕಷ್ಟ. ಅದು ಆವೇಶದ ಮಹಿಮೆ, ಧಾತುವಿನದಲ್ಲ.

ತಕ್ಕಡಿ: ಆ ಆವೇಶ ಆಕಾಶದಿಂದ ಉದುರಿತೇ? ಹತ್ತೇ ಎಲೆಕ್ಟ್ರಾನುಗಳಿರುವ ನಾಲ್ವರನ್ನು ಸಾಲಾಗಿ ನಿಲ್ಲಿಸಿ: ಫ್ಲೋರೈಡ್ ಅಯಾನಿನಿಂದ ಒಂದನ್ನು ಕೀಳಲು 3.4 ಎಲೆಕ್ಟ್ರಾನ್ ವೋಲ್ಟ್, ನಿಯಾನಿನಿಂದ 21.6, ಸೋಡಿಯಂ ಅಯಾನಿನಿಂದ 47.3, ಮೆಗ್ನೀಸಿಯಂ ಅಯಾನಿನಿಂದ 80.1. ಪ್ರೋಟಾನುಗಳು 9, 10, 11, 12. ಹಿಡಿತ ಬಿಗಿಯಾಗುತ್ತ ಹೋಗಿರುವುದು ಅವುಗಳಿಂದಲೇ.

ಕಡೇಬೆಂಚು: ನಿಮ್ಮ ಮೊದಲ ಉತ್ತರದಲ್ಲಿ ಎರಡೇ ಅಂಕಿಗಳಿದ್ದವು. ಈ ನಾಲ್ಕನ್ನು ಆಗಲೇ ಕೊಟ್ಟಿದ್ದರೆ ನಾನು ಇಷ್ಟು ಕೇಳಬೇಕಾಗುತ್ತಿರಲಿಲ್ಲ.

ಬೀಕರ್: "ಬಹುಮಟ್ಟಿಗೆ" ಎಂದರೆ ಎಷ್ಟು ಎಂಬುದು ಇನ್ನೂ ಬಾಕಿಯಿದೆ.