ಪದಚರ್ಚೆ: ಗಿಟಾರಿನ ‘ಮೋಡ್’ಗೆ ಮೂರ್ಛನೆ ಅನ್ನಬಹುದಾ? ‘ಎಕ್ಸಾಟಿಕ್’ಗೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗಳು ಗಿಟಾರ್ ಕಲಿಯುತ್ತಿದ್ದಾಳೆ. ಅವಳ ಜೊತೆ ಕನ್ನಡ ಮಾಧ್ಯಮದಲ್ಲಿ ಓದುವ ಇಬ್ಬರು ಹುಡುಗರೂ ಕಲಿಯುತ್ತಿದ್ದಾರೆ. ಕೈ ಚೆನ್ನಾಗಿ ಓಡುತ್ತೆ, ಆದರೆ ಮೇಷ್ಟ್ರು ಕೊಡುವ ಇಂಗ್ಲಿಷ್ ಹಾಳೆ ಓದುವಾಗ ತಡವರಿಸುತ್ತಾರೆ. ಅವರಿಗೋಸ್ಕರ ಹಾಳೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೋದ ವಾರ ಬಂದ ಹಾಳೆಯ ತಲೆಬರಹ ‘ಎಕ್ಸಾಟಿಕ್ ಮೈನರ್ ಸ್ಕೇಲ್ ಮೋಡ್ಸ್’. ನಾಲ್ಕೇ ಪದ. ನಾಲ್ಕು ದಿನ ಅದರ ಮುಂದೆ ಕೂತೆ.

‘ಸ್ಕೇಲ್’ ಕಷ್ಟ ಕೊಡಲಿಲ್ಲ. ಸ್ವರಶ್ರೇಣಿ ಅಂದರೆ ಎಲ್ಲರಿಗೂ ತಿಳಿಯುತ್ತೆ. ಸ್ಕೇಲ್ ಅಂತಲೇ ಬಿಟ್ಟರೂ ತೊಂದರೆ ಇಲ್ಲ. ಉಳಿದ ಮೂರು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ‘ಮೈನರ್’. ನಮ್ಮ ಮಾತಿನಲ್ಲಿ ಮೈನರ್ ಅಂದರೆ ಹದಿನೆಂಟು ತುಂಬದವರು. ಸಂಗೀತದಲ್ಲಿ ಅದು ಗಾಂಧಾರದ, ಅಂದರೆ ಸರಿಗಮದ ‘ಗ’ ಸ್ವರದ ಮಾತು. ಗಿಟಾರಿನ ಒಂದೇ ತಂತಿಯ ಮೇಲೆ ಷಡ್ಜದಿಂದ, ಅಂದರೆ ‘ಸ’ದಿಂದ, ಮೂರು ಫ್ರೆಟ್ (ಕೊರಳಿನ ಮೇಲಿನ ಅಡ್ಡಪಟ್ಟಿ) ಮುಂದೆ ಹೋದರೆ ಮೈನರ್, ನಾಲ್ಕು ಫ್ರೆಟ್ ಹೋದರೆ ಮೇಜರ್. ಕರ್ನಾಟಕ ಸಂಗೀತದವರು ಮೂರನೆಯದಕ್ಕೆ ಸಾಧಾರಣ ಗಾಂಧಾರ, ನಾಲ್ಕನೆಯದಕ್ಕೆ ಅಂತರ ಗಾಂಧಾರ ಅನ್ನುತ್ತಾರೆ. ಧಾರವಾಡದ ಕಡೆ ಹಿಂದೂಸ್ತಾನಿ ಕಲಿತವರು ಕೋಮಲ ಗಂಧಾರ, ಶುದ್ಧ ಗಂಧಾರ ಅನ್ನುತ್ತಾರೆ. ಎರಡೂ ಕನ್ನಡದವೇ, ಯಾವುದನ್ನೂ ಬಿಡಲು ಮನಸ್ಸಿಲ್ಲ. ಸದ್ಯಕ್ಕೆ ಮೈನರ್ ಅಂತಲೇ ಇಟ್ಟು, ಪಕ್ಕದಲ್ಲಿ ‘ಮೂರು ಫ್ರೆಟ್ಟಿನ ಗಾಂಧಾರ’ ಅಂತ ಬರೆದಿದ್ದೇನೆ. (ಫ್ರೆಟ್ಟಿಗೆ ವೀಣೆಯವರ ಮೆಟ್ಟಿಲು ಅನ್ನೋ ಪದ ಇದೆ. ಗಿಟಾರ್ ಹಿಡಿದ ಹುಡುಗರು ಫ್ರೆಟ್ ಅಂತಲೇ ಅನ್ನುತ್ತಾರೆ, ಹಾಗಾಗಿ ಬದಲಾಯಿಸಲಿಲ್ಲ.)

ಇಲ್ಲಿ ಇನ್ನೊಂದು ತೊಡಕು ಸಿಕ್ಕಿತು. ಇಂಗ್ಲಿಷ್ ಪದಗಳನ್ನು ಸುಮ್ನೆ ಒಂದರ ಪಕ್ಕ ಒಂದು ಜೋಡಿಸಿದ್ದಾರೆ. ಮೈನರ್ ಅನ್ನೋದು ಸ್ಕೇಲಿಗೆ ಸೇರಿದ್ದಾ, ಮೋಡಿಗೆ ಸೇರಿದ್ದಾ? ‘ಮೈನರ್ ಸ್ಕೇಲಿನ ಮೋಡುಗಳು’ ಅಂದರೆ ಒಂದು ಅರ್ಥ, ‘ಮೈನರ್ ಮೋಡುಗಳು’ ಅಂದರೆ ಬೇರೆಯೇ ಅರ್ಥ. ಹಾಳೆಯಲ್ಲಿರುವ ಫ್ರಿಜಿಯನ್ ಡಾಮಿನೆಂಟ್ ಹುಟ್ಟುವುದು ಹಾರ್ಮೋನಿಕ್ ಮೈನರ್ ಸ್ಕೇಲಿನಿಂದ. ಆದರೆ ಅದರ ಗಾಂಧಾರ ನಾಲ್ಕು ಫ್ರೆಟ್ಟಿನದು. ಅಂದರೆ ಅದು ಮೈನರ್ ಸ್ಕೇಲಿನ ಮೋಡ್ ಹೌದು, ಮೈನರ್ ಮೋಡ್ ಅಲ್ಲ. ಕನ್ನಡದಲ್ಲಿ ಒಂದು ‘ಇನ’ ಸೇರಿಸಿದರೆ ಗೊಂದಲ ಕಳೆಯಿತು. ನಮ್ಮ ವಿಭಕ್ತಿ ಎಷ್ಟು ಕೆಲಸ ಮಾಡುತ್ತೆ ನೋಡಿ.

ಈಗ ‘ಮೋಡ್’ಗೆ ಬರೋಣ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಈ ಪತ್ರ ಬರೆಯಲು ಕಾರಣವೇ ಅದು.

ಹುಡುಗಿ ಹಜಾರದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು. ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಇ ಶ್ರುತಿಯದು. ಅದನ್ನು ಬಿಡಿಯಾಗಿ ಮೀಟಿ, ಆಮೇಲೆ ಅದೇ ತಂತಿಯಲ್ಲಿ 1, 4, 5, 7, 8, 10, 12ನೇ ಫ್ರೆಟ್ ಒತ್ತುತ್ತಾ ಮೇಲೆ ಹೋಗುತ್ತಿದ್ದಳು. ಅಮ್ಮ ಚಿಕ್ಕಂದಿನಲ್ಲಿ ವೀಣೆ ಕಲಿತವರು. ಅಡುಗೆಮನೆಯಿಂದಲೇ ಕೇಳಿದರು: “ಏನೇ ಪುಟ್ಟಿ, ಗಿಟಾರಿನಲ್ಲೂ ಮಾಯಾಮಾಳವಗೌಳದಿಂದಲೇ ಶುರು ಮಾಡ್ತಾರಾ?”

“ಅಲ್ಲ ಅಜ್ಜಿ, ಇದು ಎಕ್ಸಾಟಿಕ್ ಮೋಡ್.”

“ಹಂಗಂದ್ರೆ? ಇನ್ನೊಂದು ಸಲ ನುಡಿಸು.”

ಅವಳು ನಿಧಾನವಾಗಿ ನುಡಿಸಿದಳು. ಅಮ್ಮ ಕೈ ಒರೆಸಿಕೊಂಡು ಹೊರಗೆ ಬಂದರು. ಹತ್ತನೇ ಫ್ರೆಟ್ಟಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. “ನಿಷಾದ ಕೆಳಗಿದೆ. ಮಾಯಾಮಾಳವಗೌಳ ಅಲ್ಲ, ಇದು ವಕುಳಾಭರಣ.”

ನಾನು ಲೆಕ್ಕ ಹಾಕಿ ನೋಡಿದೆ. ಹತ್ತನೇ ಫ್ರೆಟ್ ಬಿಟ್ಟು ಹನ್ನೊಂದನ್ನು ಒತ್ತಿದರೆ ಮಾಯಾಮಾಳವಗೌಳ. ಹತ್ತನ್ನೇ ಒತ್ತಿದರೆ ವಕುಳಾಭರಣ, ಕರ್ನಾಟಕ ಸಂಗೀತದ ಮೂಲ ಸ್ವರಸಾಲುಗಳಾದ 72 ಮೇಳಗಳಲ್ಲಿ 14ನೆಯದು. ಉಳಿದ ಆರೂ ಸ್ವರ ಒಂದೇ.

ಅಮ್ಮ ಅಲ್ಲಿಗೆ ಬಿಡಲಿಲ್ಲ. ಶ್ರುತಿಪೆಟ್ಟಿಗೆ ತಂದು ಆರು ಮನೆಗೆ ಇಟ್ಟರು. ಗಿಟಾರಿನವರ ಲೆಕ್ಕದಲ್ಲಿ ಅದು ಎ. “ಅದೇ ಏಳು ಸ್ವರ ನುಡಿಸು, ಆದರೆ ಐದನೇ ಫ್ರೆಟ್ಟಲ್ಲಿ ಶುರು ಮಾಡಿ ಅಲ್ಲಿಗೇ ಬಂದು ನಿಲ್ಲು” ಅಂದರು. ನುಡಿಸಿದಳು. ಕೇಳಿಸಿದ್ದು ಶುದ್ಧ ಕೀರವಾಣಿ. ಆಮೇಲೆ ಪೆಟ್ಟಿಗೆಯನ್ನು ಮೂರು ಮನೆಗೆ ಇಳಿಸಿದರು. ಬೆರಳು ಒತ್ತಿದ ಜಾಗಗಳು ಅವೇ, ಕೇಳಿಸಿದ್ದು ವಕುಳಾಭರಣ. ಹುಡುಗಿ ಕಣ್ಣರಳಿಸಿ ನೋಡುತ್ತಿದ್ದಳು. ಹಾಳೆಯಲ್ಲಿ ಅರ್ಧ ಪುಟ ವಿವರಿಸಿದ್ದು ಎರಡು ನಿಮಿಷದಲ್ಲಿ ಕಿವಿಗೆ ಬಿದ್ದಿತ್ತು. ಸ್ವರಗಳು ಇದ್ದಲ್ಲೇ ಇರುತ್ತವೆ, ಷಡ್ಜ ಜಾಗ ಬದಲಾಯಿಸುತ್ತೆ. ಮೋಡ್ ಅಂದರೆ ಇಷ್ಟೇ.

ಇದಕ್ಕೆ ನಮ್ಮಲ್ಲಿ ಪದ ಇಲ್ಲದೆ ಇದ್ದೀತಾ?

ಮೊದಲು ‘ಧಾಟಿ’ ಹೊಳೆಯಿತು. ಆದರೆ ಧಾಟಿ ಹಾಡುವ ರೀತಿಗೆ ಸಲ್ಲುತ್ತೆ, ಮಾತಾಡುವ ರೀತಿಗೂ ಸಲ್ಲುತ್ತೆ. ‘ಮಟ್ಟು’ ಯಕ್ಷಗಾನದವರ ಮತ್ತು ತತ್ವಪದ ಹಾಡುವವರ ಪದ. ಅದು ಹಾಡಿನ ನಡೆ, ಸ್ವರಗಳ ಸಾಲಲ್ಲ. ‘ಠಾಟು’ ಹಿಂದೂಸ್ತಾನಿಯಲ್ಲಿ ಹತ್ತು ಮೂಲಗುಂಪುಗಳ ಹೆಸರಾಗಿ ನಿಂತುಬಿಟ್ಟಿದೆ. ಲ್ಯಾಟಿನ್ನಿನ ‘ಮೋಡುಸ್’ ಪದಕ್ಕೆ ಅಳತೆ, ರೀತಿ ಅನ್ನೋ ಅರ್ಥಗಳಿವೆ. ಅದನ್ನೇ ಹಿಡಿದು ‘ರೀತಿ’ ಅಂದರೆ ಹುಡುಗರಿಗೆ ಏನೂ ತಿಳಿಯೋದಿಲ್ಲ.

‘ಗ್ರಹಭೇದ’ ಬಹಳ ಹತ್ತಿರ ಬರುತ್ತೆ. ಕಛೇರಿಯಲ್ಲಿ ಆಲಾಪನೆ ಮಾಡುತ್ತಾ ರಾಗದ ಬೇರೊಂದು ಸ್ವರವನ್ನೇ ಷಡ್ಜ ಮಾಡಿಕೊಂಡು, ಇನ್ನೊಂದು ರಾಗ ತೋರಿಸಿ ಹಿಂತಿರುಗುತ್ತಾರಲ್ಲ, ಅದು. ಶ್ರುತಿಭೇದ ಅನ್ನುವವರೂ ಇದ್ದಾರೆ. ಆದರೆ ಅದು ಒಂದು ಕ್ರಿಯೆಯ ಹೆಸರು. ಆ ಕ್ರಿಯೆಯಿಂದ ಕೈಗೆ ಸಿಗುವ ಹೊಸ ಸಾಲಿಗೆ ಆ ಹೆಸರು ಕೂರೋದಿಲ್ಲ. ‘ಕೀರವಾಣಿಯ ಐದನೇ ಗ್ರಹಭೇದ’ ಅಂತ ಬರೆದು ನೋಡಿದೆ, ಕಿವಿಗೆ ಒಪ್ಪಲಿಲ್ಲ.

ಉಳಿದದ್ದು ‘ಮೂರ್ಛನೆ’. ಭರತನ ನಾಟ್ಯಶಾಸ್ತ್ರದಲ್ಲೇ ಈ ಪದ ಇದೆ. ಷಡ್ಜಗ್ರಾಮ, ಮಧ್ಯಮಗ್ರಾಮ ಅಂತ ಎರಡು ಗ್ರಾಮ (ಮೂಲ ಸ್ವರಸಾಲು), ಒಂದೊಂದಕ್ಕೆ ಏಳು ಮೂರ್ಛನೆ, ಒಟ್ಟು 14. ಒಂದೇ ಗ್ರಾಮದ ಏಳು ಸ್ವರಗಳಲ್ಲಿ ಒಂದೊಂದರಿಂದ ಶುರು ಮಾಡಿದರೆ ಒಂದೊಂದು ಮೂರ್ಛನೆ. ಷಡ್ಜಗ್ರಾಮದ ಮೊದಲನೆಯದು ಷಡ್ಜದಿಂದ, ಅದರ ಹೆಸರು ಉತ್ತರಮಂದ್ರಾ. ಎರಡನೆಯದು ನಿಷಾದದಿಂದ, ರಜನೀ. ಹೀಗೆ ಇಳಿಯುತ್ತಾ ಹೋಗುತ್ತೆ. 13ನೇ ಶತಮಾನದ ಸಂಗೀತಶಾಸ್ತ್ರಕಾರ ಶಾರ್ಙ್ಗದೇವನೂ ಏಳು ಸ್ವರಗಳ ಕ್ರಮವಾದ ಆರೋಹ ಅವರೋಹಕ್ಕೆ ಮೂರ್ಛನೆ ಅನ್ನುತ್ತಾನೆ. ಆಮೇಲೆ ನಮ್ಮಲ್ಲಿ ಷಡ್ಜ ಒಂದೇ ಕಡೆ ನೆಲೆ ನಿಂತಿತು. ಎಲ್ಲಾ ಸಾಲುಗಳನ್ನೂ ಆ ಒಂದೇ ಷಡ್ಜದಿಂದ ಎಣಿಸುವ ಮೇಳಪದ್ಧತಿ ಬಂತು. ಮೂರ್ಛನೆಗೆ ಕೆಲಸ ಕಡಿಮೆಯಾಯಿತು. ಹುಡುಗರು ಗಿಟಾರಿನಲ್ಲಿ ಕಲಿಯುತ್ತಿರುವುದು ಹೆಚ್ಚು ಕಡಿಮೆ ಆ ಹಳೆಯ ಲೆಕ್ಕವನ್ನೇ. ಕೆಲಸ ಕಳೆದುಕೊಂಡ ಪದಕ್ಕೆ ಮತ್ತೆ ಕೆಲಸ ಸಿಕ್ಕರೆ ನನಗಂತೂ ಸಂತೋಷ.

ಒಂದು ಅಳುಕು ಇದೆ. ಮೂರ್ಛನೆ ಅಂದ ಕೂಡಲೇ ಜನಕ್ಕೆ ನೆನಪಾಗೋದು ಮೂರ್ಛೆ. ಎರಡೂ ಒಂದೇ ಧಾತುವಿನವು. ಸಂಸ್ಕೃತ ಧಾತುಪಾಠ ಅದಕ್ಕೆ ಎರಡು ಅರ್ಥ ಕೊಡುತ್ತೆ, ಒಂದು ಎಚ್ಚರ ತಪ್ಪುವುದು, ಇನ್ನೊಂದು ಮೇಲೇರುವುದು. ವೈದ್ಯರ ಮೂರ್ಛೆ ಮೊದಲನೆಯದರಿಂದ, ಸಂಗೀತದ ಮೂರ್ಛನೆ ಎರಡನೆಯದರಿಂದ ಬಂದಿರಬೇಕು ಅಂತ ನನ್ನ ತಿಳುವಳಿಕೆ. ವ್ಯಾಕರಣ ಬಲ್ಲವರು ಸರಿಯೋ ತಪ್ಪೋ ಹೇಳಿ. ಇನ್ನೊಂದು ಸಂಗತಿ, ಕರ್ನಾಟಕ ಸಂಗೀತದ ಕೆಲವು ಪುಸ್ತಕಗಳಲ್ಲಿ ರಾಗದ ಆರೋಹಣ ಅವರೋಹಣಕ್ಕೇ ಮೂರ್ಛನೆ ಅನ್ನುವ ರೂಢಿ ಇದೆ. ಆ ಪುಸ್ತಕ ಓದಿದವರಿಗೆ ನನ್ನ ಬಳಕೆ ದಾರಿ ತಪ್ಪಿಸೀತಾ?

ನೇರವಾಗಿ ರಾಗದ ಹೆಸರನ್ನೇ ಬರೆದರೆ ಆಯಿತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಶುರು ಮಾಡಿದ್ದೆ. ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ. ಅದರ ಮಧ್ಯಮವನ್ನು ಷಡ್ಜ ಮಾಡಿದರೆ ಹೇಮವತಿ, ಹಾಳೆಯಲ್ಲಿ ಅದು ಯುಕ್ರೇನಿಯನ್ ಡೋರಿಯನ್. ಪಂಚಮದಿಂದ ವಕುಳಾಭರಣ, ಹಾಳೆಯ ಫ್ರಿಜಿಯನ್ ಡಾಮಿನೆಂಟ್ ಇದೇ. ಧೈವತದಿಂದ ಕೋಸಲ. ಈ ಹೆಸರುಗಳಲ್ಲಿ ಲೆಕ್ಕವೂ ಅಡಗಿದೆ. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಪದ್ಧತಿಯಲ್ಲಿ ‘ಕೀ’ ಒಂದು, ‘ರ’ ಎರಡು, ತಿರುಗಿಸಿದರೆ 21ನೇ ಮೇಳ. ‘ಹೇ’ ಎಂಟು, ‘ಮ’ ಐದು, ತಿರುಗಿಸಿದರೆ 58. ಹೆಸರು ಹೇಳಿದರೆ ಸಂಖ್ಯೆ ಸಿಗುತ್ತೆ, ಸಂಖ್ಯೆಯಿಂದ ಸ್ವರಗಳನ್ನೇ ಬಿಡಿಸಿ ಹೇಳಬಹುದು. ಡೋರಿಯನ್, ಫ್ರಿಜಿಯನ್, ಲಿಡಿಯನ್ ಅನ್ನೋವು ಹಳೆಯ ಗ್ರೀಕರ ಕಾಲದ ಜನರ, ನಾಡುಗಳ ಹೆಸರುಗಳು. ಆ ಹೆಸರಿನಿಂದ ಯಾವ ಸ್ವರವೂ ತಿಳಿಯೋದಿಲ್ಲ.

ಆದರೆ ಈ ದಾರಿ ನಾಲ್ಕಕ್ಕೆ ನಿಂತುಹೋಗುತ್ತೆ. ಕೀರವಾಣಿಯ ರಿಷಭ, ಗಾಂಧಾರ, ನಿಷಾದಗಳನ್ನು ಷಡ್ಜ ಮಾಡಿಕೊಂಡರೆ ಸಿಗುವ ಸಾಲುಗಳಲ್ಲಿ ಪಂಚಮವೇ ಇಲ್ಲ. 72 ಮೇಳಗಳಲ್ಲಿ ಪಂಚಮ ಇಲ್ಲದ ಮೇಳ ಇಲ್ಲ. ಹಾಗಾಗಿ ಆ ಮೂರಕ್ಕೆ ಮೇಳದ ಹೆಸರೂ ಇಲ್ಲ. ಗಿಟಾರಿನವರಿಗೆ ಅವು ಬೇಕು, ಬಳಸುತ್ತಾರೆ. ಮೆಲೋಡಿಕ್ ಮೈನರಿನ ಏರಿಕೆಯಲ್ಲೂ, ಅಂದರೆ ನಮ್ಮ ಗೌರೀಮನೋಹರಿಯಲ್ಲೂ ಇದೇ ಕಥೆ. ನಾಟಕಪ್ರಿಯ, ವಾಚಸ್ಪತಿ, ಚಾರುಕೇಶಿ ಸಿಗುತ್ತವೆ, ಇನ್ನು ಮೂರಕ್ಕೆ ಹೆಸರಿಲ್ಲ.

ಇನ್ನೂ ಮುಖ್ಯವಾದ ಮಾತು, ರಾಗ ಅಂದರೆ ಬರೀ ಸ್ವರಗಳ ಸಾಲಲ್ಲ. ಗಮಕ ಇದೆ, ನಡೆ ಇದೆ, ಎಲ್ಲಿ ನಿಲ್ಲಬೇಕು ಅನ್ನೋದಿದೆ. ಹುಡುಗಿ ಫ್ರೆಟ್ ಒತ್ತಿ ನುಡಿಸಿದ ಸಾಲನ್ನು ‘ಕೀರವಾಣಿ ರಾಗ’ ಅಂತ ಬರೆದರೆ ನನಗೇ ಸಮಾಧಾನ ಇರೋದಿಲ್ಲ. ‘ಕೀರವಾಣಿ ಮೇಳ’ ಅಂದರೆ ಸರಿ. ಆದ್ದರಿಂದ ಹಾಳೆಯಲ್ಲಿ ಹೀಗೆ ಬರೆಯಬೇಕು ಅಂದುಕೊಂಡಿದ್ದೇನೆ: ಕೀರವಾಣಿ ಮೇಳದ ರಿಷಭ ಮೂರ್ಛನೆ, ಗಾಂಧಾರ ಮೂರ್ಛನೆ, ಹೀಗೆ ಏಳೂ. ಮೇಳದ ಹೆಸರು ಇರುವ ಕಡೆ ಪಕ್ಕದಲ್ಲಿ ಅದು, ಗಿಟಾರಿನವರ ಹೆಸರು ಕೆಳಗೆ ಕನ್ನಡ ಲಿಪಿಯಲ್ಲಿ.

ಕೊನೆಯದು ‘ಎಕ್ಸಾಟಿಕ್’. ನನಗೆ ಜಾಸ್ತಿ ಕಾಟ ಕೊಟ್ಟದ್ದು ಇದೇ.

ಗ್ರೀಕಿನಲ್ಲಿ ಅದರ ಮೂಲ ಅರ್ಥ ಹೊರಗಿನದು. ‘ಪರದೇಶಿ’ ಅಂದರೆ ಕನ್ನಡದಲ್ಲಿ ದಿಕ್ಕಿಲ್ಲದವನು ಅನ್ನೋ ಅರ್ಥವೂ ಬಂದುಬಿಡುತ್ತೆ. ‘ವಿಲಕ್ಷಣ’, ‘ವಿಚಿತ್ರ’ ಅಂದರೆ ಬೈದ ಹಾಗೆ. ‘ಅಪರೂಪದ’ ಪರವಾಗಿಲ್ಲ, ಆದರೆ ಹೊರಗಿನಿಂದ ಬಂದದ್ದು ಅನ್ನೋ ಭಾವ ಬಿಟ್ಟುಹೋಗುತ್ತೆ.

ಹೀಗೆ ಹುಡುಕುತ್ತಿದ್ದಾಗ ನಮ್ಮದೇ ಒಂದು ಹಳೆಯ ಪದ ಸಿಕ್ಕಿತು, ‘ಸೀಮೆ’. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಕಾಯಿ, ಸೀಮೆಹುಣಸೆ, ಸೀಮೆಹಸು. ಹೊರಗಿನಿಂದ ಬಂದು ಮನೆಯೊಳಗೆ ಸೇರಿಕೊಂಡ ವಸ್ತುಗಳಿಗೆ ನಮ್ಮ ಹಿರಿಯರು ಹಚ್ಚಿದ ಪದ. ಬೈಗುಳ ಇಲ್ಲ, ಬೆರಗಿನ ಸೋಗೂ ಇಲ್ಲ. ಸೀಮೆಬದನೆ ಸಾಂಬಾರಿಗೆ ಬಿದ್ದರೆ ನಮ್ಮದೇ. ಮಜಾ ಏನೆಂದರೆ ‘ಬಯಲುಸೀಮೆ’ ಅನ್ನುವಾಗ ಅದೇ ಪದ ನಮ್ಮ ನಾಡಿನ ಭಾಗಕ್ಕೆ ಸಲ್ಲುತ್ತೆ. ‘ಸೀಮೆಗಿಲ್ಲದ್ದು’ ಅಂದರೆ ಎಲ್ಲೂ ಇಲ್ಲದ ಹೆಚ್ಚುಗಾರಿಕೆ. ಒಂದೇ ಪದ ಒಳಗೂ ಹೊರಗೂ ಓಡಾಡಿಕೊಂಡಿದೆ. ಈ ಜೋಡಣೆಗಳಲ್ಲಿ ಹಳೆಯದು ಯಾವುದು, ಯಾವ ಕಾಲದ ಬರಹದಲ್ಲಿ ಮೊದಲು ಸಿಗುತ್ತೆ ಅಂತ ಬಲ್ಲವರು ತಿಳಿಸಿದರೆ ಉಪಕಾರ.

ಹಾಗಾದರೆ ‘ಸೀಮೆ ಸ್ಕೇಲು’ ಅನ್ನಬಹುದಾ? ಬರೆದೆ. ಆಮೇಲೆ ಹಾಳೆಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ ಹೊಡೆದು ಹಾಕಿದೆ. ಪಟ್ಟಿಯಲ್ಲಿ ಹಂಗೇರಿಯನ್ ಮೈನರ್ ಇದೆ, ಅದು ನಮ್ಮ ಸಿಂಹೇಂದ್ರಮಧ್ಯಮ. ನಿಯಾಪೊಲಿಟನ್ ಮೈನರ್ ಇದೆ, ಅದು ಧೇನುಕ. ಡಬಲ್ ಹಾರ್ಮೋನಿಕ್ ಇದೆ, ಬೈಜಾಂಟೈನ್ ಅಂತಲೂ ಅನ್ನುತ್ತಾರಂತೆ. ಅದು ಮಾಯಾಮಾಳವಗೌಳ! ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ನಮ್ಮ ಮಕ್ಕಳು ಮೊದಲ ದಿನ ಸರಳೆವರಸೆ ಹಾಡುವುದೇ ಅದರಲ್ಲಿ. ಅದೇ ಮಕ್ಕಳ ಕೈಗೆ ಕೊಡುವ ಹಾಳೆಯಲ್ಲಿ ಅದನ್ನು ಹೊರಗಿನದು ಅಂತ ಹೇಗೆ ಬರೆಯಲಿ? ನಮ್ಮ ಕಛೇರಿಗಳಲ್ಲಿ ‘ಇಂಗ್ಲಿಷ್ ನೋಟ್’ ಅಂತ ನುಡಿಸುವುದು ಶಂಕರಾಭರಣದಲ್ಲಿ, ಅಂದರೆ ಗಿಟಾರಿನವರು ಮೊದಲ ಪಾಠದಲ್ಲಿ ಕಲಿಯುವ ಮೇಜರ್ ಸ್ಕೇಲಿನ ಸ್ವರಗಳಲ್ಲಿ. ಅವರಿಗೆ ಮನೆಯದು ನಮಗೆ ಸೀಮೆಯದು, ನಮಗೆ ಮನೆಯದು ಅವರಿಗೆ ಎಕ್ಸಾಟಿಕ್. ಬರೆದವರ ಮೇಲೆ ನನಗೆ ಕೋಪ ಇಲ್ಲ, ಅವರು ನಿಂತ ಜಾಗದಿಂದ ಅದು ಸರಿ. ಆದರೆ ಅನುವಾದ ಮಾಡುವಾಗ ಆ ಜಾಗವನ್ನೂ ಹೊತ್ತು ತರಬೇಕಾ?

ನನ್ನ ಮನಸ್ಸು ಆ ಪದವನ್ನು ಬಿಟ್ಟುಬಿಡು ಅನ್ನುತ್ತಿದೆ. ತಲೆಬರಹ ‘ಮೈನರ್ ಸ್ಕೇಲುಗಳ ಮೂರ್ಛನೆಗಳು’ ಅಂತ ಅಷ್ಟೇ. ಮೇಷ್ಟ್ರಿಗೆ ಹೇಳಿದೆ. “ಎಕ್ಸಾಟಿಕ್ ತೆಗೆದರೆ ಮಕ್ಕಳಿಗೆ ಕುತೂಹಲ ಹೋಗುತ್ತೆ ಮೇಡಂ, ಏನಾದರೂ ಒಂದು ಪದ ಹಾಕಿ” ಅಂದರು. ಅವರ ಮಾತಲ್ಲೂ ನ್ಯಾಯ ಇದೆ, ಅಲ್ವಾ?

ಹಾಗಾಗಿ ಕೇಳುತ್ತಿದ್ದೇನೆ. ಹೊರಗಿನದು ಅನ್ನದೆ, ವಿಚಿತ್ರ ಅನ್ನದೆ, ಕಿವಿ ನೆಟ್ಟಗಾಗುವಂಥ ಒಂದು ಕನ್ನಡ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯಾ? ಮೂರ್ಛನೆಗೆ ಒಪ್ಪಿಗೆ ಇದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ. ಮುಂದಿನ ಶನಿವಾರ ಸಂಜೆ ತರಗತಿ ಇದೆ, ಅಷ್ಟರೊಳಗೆ ಹಾಳೆ ತಿದ್ದಿ ಮೂರು ಪ್ರತಿ ತೆಗೆಸಬೇಕು.