ದಂಪತಿಗಳಾಗಿ ಕಂಡ ದೇಶಗಳ ನಗುವಿನ ನೆನಪುಗಳನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಯಜಮಾನರೂ ಈ ಜಿಲ್ಲೆಯ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತರಾದವರು. ನನ್ನದು ಕನ್ನಡ, ಅವರದು ಭೂಗೋಳ. ಸೇವೆಯಲ್ಲಿದ್ದಷ್ಟು ಕಾಲವೂ ಗೋಳದ ಮೇಲೆ ಬೆರಳಿಟ್ಟು ಮಕ್ಕಳಿಗೆ ತೋರಿಸಿದ ರೇಖೆಗಳನ್ನು ಒಮ್ಮೆಯಾದರೂ ಸ್ವತಃ ದಾಟಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು. ನಮ್ಮ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ ಮೇಲೆ ಅದು ಒಂದೊಂದಾಗಿ ಕೈಗೂಡಿತು. ಈಗ ಮೊಮ್ಮಕ್ಕಳಿಗಾಗಿ ಆ ಪ್ರವಾಸಗಳನ್ನು ಬರೆದಿಡಲು ಕುಳಿತಿದ್ದೇವೆ. ಚಿತ್ರಗಳು ಬೇಕಾದಷ್ಟಿವೆ, ಆದರೆ ನಾವು ಇಂದಿಗೂ ಊಟದ ಹೊತ್ತಿನಲ್ಲಿ ನೆನೆದು ನಗುವ ಸಂಗತಿಗಳಲ್ಲಿ ಒಂದೂ ಆ ಚಿತ್ರಗಳಲ್ಲಿ ಇಲ್ಲ.

ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಅಂಗಳದಲ್ಲಿ, 1884ರ ವಾಷಿಂಗ್ಟನ್ ಸಮ್ಮೇಳನವು ಸೊನ್ನೆ ರೇಖಾಂಶವೆಂದು ಒಪ್ಪಿಕೊಂಡ ಗೆರೆಯನ್ನು ಗುರುತಿಸಿದ್ದಾರೆ. ಅವರು ಪಶ್ಚಿಮ ಗೋಳಾರ್ಧದಲ್ಲಿಯೂ ನಾನು ಪೂರ್ವ ಗೋಳಾರ್ಧದಲ್ಲಿಯೂ ನಿಂತು, ಊರಿನಿಂದ ಒಯ್ದಿದ್ದ ಕೋಡುಬಳೆಯನ್ನು ಗೆರೆಯಾಚೆಗೆ ದಾಟಿಸಿಕೊಂಡು ತಿಂದೆವು. ಆದರೆ ಅವರ ಮೊಬೈಲು ಅಲ್ಲಿ ಸೊನ್ನೆಯನ್ನು ತೋರಿಸಲಿಲ್ಲ, ಏಕೆಂದರೆ ಉಪಗ್ರಹಗಳ ಲೆಕ್ಕದ ಸೊನ್ನೆ ರೇಖೆಯು ಆ ಗೆರೆಗಿಂತ ಸುಮಾರು 102 ಮೀಟರ್ ಪೂರ್ವಕ್ಕಿದೆ. ಮೊಬೈಲನ್ನು ಮುಂದೆ ಹಿಡಿದುಕೊಂಡು ಅವರು ಅಂಗಳದಿಂದ ಹೊರಟೇಬಿಟ್ಟರು. ಪಕ್ಕದ ಉದ್ಯಾನದ ಹುಲ್ಲಿನ ಮೇಲೆ, ಯಾವ ಗುರುತೂ ಇಲ್ಲದ ಒಂದು ಜಾಗದಲ್ಲಿ, ಸೊನ್ನೆಗಳೆಲ್ಲ ಸಾಲಾಗಿ ಮೂಡಿದಾಗ ಅವರು ಕೈಯೆತ್ತಿ ನನ್ನನ್ನು ಕೂಗಿದ ದನಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕೀನ್ಯಾದ ನಾನ್ಯುಕಿಯಲ್ಲಿ ಸಮಭಾಜಕ ವೃತ್ತದ ಫಲಕದ ಬಳಿ, ತೂತಿರುವ ಬೋಗುಣಿಯಲ್ಲಿ ನೀರು ಸುರಿದು, ರೇಖೆಯ ಒಂದು ಬದಿಯಲ್ಲಿ ಅದು ಬಲಕ್ಕೂ ಇನ್ನೊಂದು ಬದಿಯಲ್ಲಿ ಎಡಕ್ಕೂ ಸುತ್ತುವುದನ್ನು ತೋರಿಸುವವರಿದ್ದಾರೆ. ಭೂಮಿಯ ತಿರುಗುವಿಕೆ ಚಂಡಮಾರುತಗಳನ್ನು ಸುತ್ತಿಸುತ್ತದೆಯೇ ಹೊರತು ಒಂದು ಬೋಗುಣಿಯ ನೀರಿನ ಮೇಲೆ ಅದರ ಪ್ರಭಾವ ತೀರಾ ಅಲ್ಪವೆಂದೂ, ಸುತ್ತು ನಿರ್ಧಾರವಾಗುವುದು ನೀರು ಸುರಿಯುವ ಕೈಯಿಂದಲೆಂದೂ ನಮ್ಮ ಯಜಮಾನರು ಆ ಯುವಕನಿಗೆ ಪೂರ್ತಿ ಒಂದು ಪಾಠವನ್ನೇ ಮಾಡಿದರು. ಆತ ಬಹಳ ಗೌರವದಿಂದ ಕೇಳಿಸಿಕೊಂಡು, ಕೊನೆಗೆ ರೇಖೆ ದಾಟಿದ ಪ್ರಮಾಣಪತ್ರವನ್ನು ಮುಂದಿಟ್ಟ. ಅದನ್ನು ಹಣ ಕೊಟ್ಟು ಕೊಂಡು, ಕಟ್ಟು ಹಾಕಿಸಿ, ನಮ್ಮ ನಡುಮನೆಯ ಗೋಡೆಗೆ ತೂಗುಹಾಕಿದವರೂ ಅವರೇ.

ದಿನಾಂಕ ರೇಖೆಯ ಕೃಪೆಯಿಂದ ನಮ್ಮ ಮದುವೆಯ ದಿನವನ್ನು ಎರಡು ಸಲ ಆಚರಿಸಿದ್ದೂ ಉಂಟು. ಆಕ್ಲೆಂಡಿನಲ್ಲಿ ಪಾಯಸ ಉಂಡು ಸಂಜೆ ವಿಮಾನ ಹತ್ತಿದವರು, ಅದೇ ತಾರೀಖಿನ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ಮಗಳ ಮನೆಯಲ್ಲಿ ಮತ್ತೆ ಪಾಯಸ ಉಂಡೆವು.

ನಮ್ಮ ಭಿನ್ನಾಭಿಪ್ರಾಯ ಇಷ್ಟು. ಮೊದಲು ಸ್ಥಳ, ದೂರ, ಇಸವಿ ಇವೆಲ್ಲ ಬರಬೇಕು, ನಗು ಆಮೇಲೆ ಎಂದು ಅವರು ಹೇಳುತ್ತಾರೆ. ಮೊಮ್ಮಕ್ಕಳಿಗೆ ದೂರವನ್ನು ಹೇಳಲು ಪುಸ್ತಕಗಳಿವೆ, ಅಜ್ಜನ ಆ ಕೂಗನ್ನು ಹೇಳಬಲ್ಲವಳು ನಾನೊಬ್ಬಳೇ ಎಂಬುದು ನನ್ನ ವಾದ. ಇದರ ಜೊತೆಗೆ, ಒಂದೇ ಸಂಗತಿ ಇಬ್ಬರ ನೆನಪಿನಲ್ಲಿ ಬೇರೆಬೇರೆಯಾಗಿಯೂ ಇದೆ. ನೀವೆಲ್ಲ ಹೇಗೆ ಬರೆದಿಟ್ಟಿದ್ದೀರಿ?

ಉತ್ತರ: ರೈತ ಮಹಿಳೆ, ಕೋಲಾರ

ಮೇಡಂ, ನಿಮ್ಮ ಯಜಮಾನರ ಮಾತನ್ನು ಅಷ್ಟು ಸುಲಭವಾಗಿ ತೆಗೆದುಹಾಕಬೇಡಿರೆಂದು ವಿನಂತಿ. ನಮ್ಮ ಮನೆಯವರಿಗೆ ಈಜು ಬಾರದು. ಕೆರೆಗೆ ಇಳಿದರೂ ಮೊಣಕಾಲಿನ ಮಟ್ಟವನ್ನು ದಾಟಿದವರಲ್ಲ. ಜೋರ್ಡಾನಿನಲ್ಲಿ ಮೃತ ಸಮುದ್ರಕ್ಕೆ ಹೋದಾಗ ಅವರು ನೀರಿನ ಮೇಲೆ ಅಂಗಾತ ಮಲಗಿ, ಕನ್ನಡ ದಿನಪತ್ರಿಕೆಯನ್ನು ಬಿಡಿಸಿ ಓದತೊಡಗಿದರು. ಆ ನೀರು ಸಾಮಾನ್ಯ ಕಡಲಿಗಿಂತ ಸುಮಾರು ಹತ್ತು ಪಟ್ಟು ಉಪ್ಪೆಂಬುದು ತಿಳಿಯದಿದ್ದರೆ ಈ ಕಥೆಯನ್ನು ಕೇಳಿದ ಮಗುವಿಗೆ ಏನು ಅರ್ಥವಾದೀತು? ಕೋಲಾರವು ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಮೃತ ಸಮುದ್ರದ ದಡ 430 ಮೀಟರಿನಷ್ಟು ಕೆಳಗಿದೆ ಎಂದು ಹೇಳಿದಾಗಲೇ ನಮ್ಮ ಮೊಮ್ಮಗ ಕಣ್ಣರಳಿಸಿದ್ದು. ತೇಲಿದ ಮೇಲೆ ಏಳುವುದೇ ಕಷ್ಟವಾಯಿತು. ಕಾಲನ್ನು ಕೆಳಗೆ ಒತ್ತಿದಷ್ಟೂ ನೀರು ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಮೊಣಕಾಲು ಮಡಚಿ ಕುಳಿತಂತೆ ಮಾಡಿರೆಂದು ನಾನು ದಡದಿಂದ ಕೂಗಿ ಹೇಳುತ್ತಿದ್ದರೆ, ಅವರು ಪತ್ರಿಕೆಯನ್ನು ನೆನೆಯದಂತೆ ಎತ್ತಿ ಹಿಡಿಯುವುದರಲ್ಲಿಯೇ ಇದ್ದರು.

ನಾವು ಬರೆದಿಟ್ಟಿರುವುದು ಲೆಕ್ಕದ ಪುಸ್ತಕವೊಂದನ್ನು ಮಾತ್ರ. ಟೊಮೆಟೊ ಬಾಕ್ಸುಗಳನ್ನು ಮಂಡಿಗೆ ಹಾಕಿ ಬಂದ ದಿನ ಲೆಕ್ಕ ಬರೆಯುವ ಅಭ್ಯಾಸವನ್ನು ಅವರು ಪ್ರವಾಸದಲ್ಲಿಯೂ ಬಿಡಲಿಲ್ಲ. ಸ್ವಿಟ್ಜರ್ಲೆಂಡಿನ ಪುಟದಲ್ಲಿ ‘ಬಿಸಿನೀರು, ಎರಡು ಲೋಟ’ ಎಂದಷ್ಟೇ ಇದೆ. ಅದನ್ನು ಓದಿದೊಡನೆ, 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಕ್‌ನಲ್ಲಿ, ಬಂಡೆಯನ್ನು ಕೊರೆದು 1912ರಲ್ಲಿ ಮುಗಿಸಿದ ರೈಲು ಮಾರ್ಗದ ಕೊನೆಯ ನಿಲ್ದಾಣದಲ್ಲಿ, ನಾವಿಬ್ಬರೂ ಬೆಲ್ಲ ಹಾಕಿ ರಾಗಿ ಹುರಿಹಿಟ್ಟು ಕಲಸಿದ್ದೂ, ಪಕ್ಕದಲ್ಲಿದ್ದ ಕೊರಿಯಾದ ವೃದ್ಧ ದಂಪತಿಗಳು ರುಚಿ ನೋಡಿ ಇನ್ನಷ್ಟು ಕೇಳಿದ್ದೂ ನೆನಪಾಗುತ್ತದೆ. ಪ್ರವಾಸದ ಚೀಟಿಗಳು, ಟಿಕೆಟುಗಳು ನಿಮ್ಮಲ್ಲಿ ಉಳಿದಿದ್ದರೆ ಅವುಗಳಿಂದಲೇ ಆರಂಭಿಸಿರಿ.

ಉತ್ತರ: ತುಮಕೂರಿನಿಂದ

ಎರಡು ನೆನಪುಗಳನ್ನು ಒಂದಾಗಿಸುವ ಪ್ರಯತ್ನವನ್ನು ದಯವಿಟ್ಟು ಮಾಡಬೇಡಿರಿ. ನೋಟ್‌ಬುಕ್ಕಿನ ಎಡಪುಟವನ್ನು ಒಬ್ಬರಿಗೂ ಬಲಪುಟವನ್ನು ಇನ್ನೊಬ್ಬರಿಗೂ ಬಿಟ್ಟುಕೊಟ್ಟು, ಒಬ್ಬರು ಬರೆದು ಮುಗಿಸುವ ತನಕ ಇನ್ನೊಬ್ಬರು ನೋಡದಿರುವುದು ನಮ್ಮ ಪದ್ಧತಿ.

ನನ್ನ ಶ್ರೀಮತಿಯವರು ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬಂದು ಕೆಲಸ ಮಾಡಿದವರು. ರೈಲಿನ ವಿಷಯದಲ್ಲಿ ಅವರ ಕಣ್ಣು ಬಹಳ ಸೂಕ್ಷ್ಮ. ಟೋಕಿಯೋದಲ್ಲಿ ದೇವಾಲಯಗಳನ್ನು ನೋಡೋಣವೆಂದು ನಾನು ಹೇಳಿದರೆ, 1964ರಿಂದ ಓಡುತ್ತಿರುವ ಶಿಂಕಾನ್‌ಸೆನ್ ರೈಲನ್ನು ನಿಲ್ದಾಣದಲ್ಲಿ ತೊಳೆದು ಅಣಿಗೊಳಿಸುವುದನ್ನು ನೋಡಬೇಕೆಂದು ಅವರು ಹಟ ಹಿಡಿದರು. ಬಂದ ರೈಲನ್ನು ಅಲ್ಲಿಯ ಸಿಬ್ಬಂದಿ ಕೇವಲ ಏಳು ನಿಮಿಷಗಳಲ್ಲಿ ಗುಡಿಸಿ, ಒರೆಸಿ, ಎಲ್ಲ ಆಸನಗಳನ್ನೂ ಮುಂದಿನ ಪಯಣದ ದಿಕ್ಕಿಗೆ ತಿರುಗಿಸಿ, ಹೊರಬಂದು ಸಾಲಾಗಿ ನಿಂತು ಬಾಗಿ ವಂದಿಸುತ್ತಾರೆ. ನಮ್ಮವರು ಗಡಿಯಾರ ಹಿಡಿದು ನೋಡಿದರು. ಸಿಬ್ಬಂದಿ ಬಾಗಿದಾಗ ಇವರು ಕೈಜೋಡಿಸಿ ನಮಸ್ಕರಿಸಿದರು. ಅವರು ಮತ್ತೆ ಬಾಗಿದರು. ಇವರು ಮತ್ತೆ ನಮಸ್ಕರಿಸಿದರು. ನನ್ನ ಪುಟದಲ್ಲಿ ಇದು ಮೂರು ಸಲ ನಡೆಯಿತೆಂದಿದೆ, ಅವರ ಪುಟದಲ್ಲಿ ಒಂದೇ ಸಲ. ನಾವು ಎರಡನ್ನೂ ತಿದ್ದಿಲ್ಲ.

ಮರು ಉತ್ತರ: ನಿವೃತ್ತ ಶಿಕ್ಷಕಿ, ಚಿಕ್ಕಬಳ್ಳಾಪುರ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಕೋಲಾರದವರ ಉತ್ತರವನ್ನು ಓದಿ ನಮ್ಮ ಯಜಮಾನರಿಗೆ ಬಹಳ ಸಂತೋಷವಾಯಿತು. ಗ್ರೀನಿಚ್ಚಿನ 102 ಮೀಟರ್ ಇಲ್ಲದೆ ಅವರ ಕೂಗಿಗೆ ಕಾರಣವೇ ಇರುವುದಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದ್ದರಿಂದ ಎಡಪುಟ ಅವರದು, ಬಲಪುಟ ನನ್ನದು ಎಂದು ತೀರ್ಮಾನವಾಯಿತು. ನಾನ್ಯುಕಿಯ ಪಾಠವನ್ನು ಅವರು ಈಗಾಗಲೇ ಚಿತ್ರಸಹಿತ ಬರೆಯತೊಡಗಿದ್ದಾರೆ. ತುಮಕೂರಿನ ಆ ತಾಯಿಯವರು ತಮ್ಮ ಪುಟದಲ್ಲಿ ಏನು ಬರೆದಿದ್ದಾರೆಂಬುದನ್ನು ಅವರ ಮಾತಿನಲ್ಲಿಯೇ ಓದುವ ಆಸೆ ನನಗಿದೆ.

ಉತ್ತರ: ತುಮಕೂರಿನಿಂದ, ಶ್ರೀಮತಿ

ಕೇಳಿದ್ದಕ್ಕೆ ವಂದನೆಗಳು. ಸಾಲಿನ ಕೊನೆಯಲ್ಲಿ ನನ್ನ ವಯಸ್ಸಿನವರೇ ಒಬ್ಬ ಮಹಿಳೆ ನಿಂತಿದ್ದರು, ಕೈಯಲ್ಲಿ ಪೊರಕೆಯಿತ್ತು. ಅಷ್ಟು ವರ್ಷ ರೈಲಿನಲ್ಲಿ ಓಡಾಡಿಯೂ, ನಾನು ಕುಳಿತ ಆಸನವನ್ನು ಗುಡಿಸಿದವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ನಮಸ್ಕಾರ ಅವರೊಬ್ಬರಿಗೆ ಮಾತ್ರ ಸಂದದ್ದು, ಮತ್ತು ಅದು ಒಂದೇ ಸಲ. ಉಳಿದ ಎರಡು ಸಲ ಕೈಜೋಡಿಸಿದವರು ನನ್ನ ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರು.