ನಾಲ್ಕನೇ ಗ್ರೇಡ್ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಕೋಚ್ ಆಗೋದು ಹೇಗೆ?

ನಮಸ್ಕಾರ ಎಲ್ಲರಿಗೂ. ಮಗಳ ರೆಕ್ ಲೀಗಿನಲ್ಲಿ (ಊರಿನ ಮಕ್ಕಳು ಖುಷಿಗೆ ಆಡೋ ಲೀಗ್) ಕೋಚ್ ಸಿಕ್ಕಿಲ್ಲ ಅಂತ ನನ್ನನ್ನು ಕೇಳಿದ್ದಾರೆ. ಹತ್ತು ಮಕ್ಕಳು, ವಾರಕ್ಕೆ ಒಂದು ಗಂಟೆ ಜಿಮ್, ಶನಿವಾರ ಮ್ಯಾಚ್. ಆಡಿ ಗೊತ್ತು, ಕಲಿಸಿ ಗೊತ್ತಿಲ್ಲ. ಆಟದ ಜೊತೆ ನಡತೆಯೂ ಬರಬೇಕು ಅನ್ನೋದು ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಖಂಡಿತ ಒಪ್ಪಿಕೊಳ್ಳಿ ಮೇಡಂ. ಮೊದಲು ಚೆಂಡು ಮತ್ತು ರಿಂಗ್ ವಿಚಾರಿಸಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಯುಎಸ್‌ಎ ಬ್ಯಾಸ್ಕೆಟ್‌ಬಾಲ್ ಮತ್ತು ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ಜಂಟಿಯಾಗಿ ಕೊಟ್ಟಿರುವ ಮಾರ್ಗಸೂಚಿಯ ಪ್ರಕಾರ 9ರಿಂದ 11 ವಯಸ್ಸಿಗೆ 6ನೇ ಸೈಜಿನ ಚೆಂಡು, 9 ಅಡಿ ಎತ್ತರದ ರಿಂಗ್. ಎಷ್ಟೋ ಊರುಗಳ ಜಿಮ್ಮಿನಲ್ಲಿ ರಿಂಗ್ 10 ಅಡಿಗೇ ಇರುತ್ತೆ, ಇಳಿಸೋ ವ್ಯವಸ್ಥೆ ಇದ್ದರೂ ಯಾರೂ ಇಳಿಸಲ್ಲ. ಹೋಗಿ ಕೇಳಿ. ಒಂಬತ್ತು ವರ್ಷದ ಮಗುವಿಗೆ 10 ಅಡಿ ಎತ್ತರಕ್ಕೆ ಚೆಂಡು ಮುಟ್ಟಿಸೋ ಶಕ್ತಿ ಭುಜದಲ್ಲಿ ಇರಲ್ಲ. ಹಾಗಾಗಿ ಸೊಂಟದ ಹತ್ತಿರದಿಂದ ಚೆಂಡನ್ನು ಎತ್ತಿ ಎಸೆಯುತ್ತೆ, ಅದೇ ರೂಢಿಯಾಗುತ್ತೆ. ಎನ್‌ಬಿಎ ತಾರೆ ಸ್ಟೀಫನ್ ಕರಿಯಂಥವನಿಗೂ ಇದೇ ತೊಂದರೆ ಇತ್ತು. ಹೈಸ್ಕೂಲಿನಲ್ಲಿದ್ದಾಗ ತಂದೆ ಡೆಲ್ ಕರಿ ಜೊತೆ ಒಂದು ಬೇಸಿಗೆ ಪೂರ್ತಿ ಬೆವರು ಸುರಿಸಿ ಶಾಟ್ ಬದಲಾಯಿಸಿಕೊಳ್ಳಬೇಕಾಯಿತು. ರಿಂಗ್ ಇಳಿಯದಿದ್ದರೆ ರಿಂಗಿನಿಂದ ನಾಲ್ಕೈದು ಅಡಿ ಒಳಗೆ ಮಾತ್ರ ಶಾಟ್ ಕಲಿಸಿ. ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಸಿಗೋ ಶಾಟ್) ಕೂಡ ಗೆರೆಯಿಂದ ಮೂರು ಹೆಜ್ಜೆ ಮುಂದೆ.

ನಿಮ್ಮ ಒಂದು ಗಂಟೆಯನ್ನು ತಿಂದುಹಾಕೋದು ಸಾಲು. ಹತ್ತು ಮಕ್ಕಳನ್ನು ಒಂದೇ ರಿಂಗಿನ ಮುಂದೆ ನಿಲ್ಲಿಸಿದರೆ, ಒಂದು ಶಾಟಿಗೆ ಆರು ಸೆಕೆಂಡ್ ಅಂದುಕೊಂಡರೂ ಒಬ್ಬರ ಸರದಿ ಮತ್ತೆ ಬರೋಕೆ ಒಂದು ನಿಮಿಷ. ಉಳಿದ ಐವತ್ತನಾಲ್ಕು ಸೆಕೆಂಡ್ ತಳ್ಳಾಟ, ತಂಟೆ. ಶಿಸ್ತಿಲ್ಲ ಅಂತ ಬೈಯೋ ಮುಂಚೆ ಸಾಲು ಒಡೆಯಿರಿ. ಪ್ರತಿ ಮಗುವಿಗೂ ಮನೆಯಿಂದ ಚೆಂಡು ತರೋಕೆ ಹೇಳಿ, ಪಕ್ಕದ ರಿಂಗುಗಳೂ ಬಳಕೆಗೆ ಬರಲಿ, ಒಂದೊಂದು ಕಡೆ ಇಬ್ಬರು ಮೂವರು ಸಾಕು.

ಮೊದಲ 8 ನಿಮಿಷ ಓಟ ಮತ್ತು ನೆಗೆದು ಇಳಿಯೋದು. ಇಳಿಯುವಾಗ ಸಪ್ಪಳ ಆಗಬಾರದು, ಮೊಣಕಾಲು ಬಾಗಬೇಕು, ಎರಡೂ ಮೊಣಕಾಲು ಒಳಗೆ ವಾಲಬಾರದು. ಹೆಣ್ಣುಮಕ್ಕಳಲ್ಲಿ ಎಸಿಎಲ್ (ಮೊಣಕಾಲಿನೊಳಗಿನ ಒಂದು ಮುಖ್ಯ ಅಸ್ಥಿರಜ್ಜು) ಹರಿಯೋದು ಹೆಚ್ಚು, ಆದ್ದರಿಂದ ಇದನ್ನು ಒಂದು ದಿನವೂ ಬಿಡಬೇಡಿ. ಆಮೇಲೆ 12 ನಿಮಿಷ ಡ್ರಿಬಲ್ (ಚೆಂಡು ಪುಟಿಸುತ್ತಾ ಸಾಗೋದು), ಎಡಗೈಗೆ ಬಲಗೈಗಿಂತ ದುಪ್ಪಟ್ಟು. 12 ನಿಮಿಷ ಕಾಲಿನ ಕೆಲಸ ಮತ್ತು ಲೇಅಪ್ (ರಿಂಗಿನ ಹತ್ತಿರ ಬಂದು ಒಂಟಿಕಾಲಲ್ಲಿ ನೆಗೆದು ಹಾಕೋ ಶಾಟ್). ಉಳಿದದ್ದರಲ್ಲಿ 20 ನಿಮಿಷ ಅರ್ಧ ಕೋರ್ಟಿನಲ್ಲಿ ಮೂವರ ಎದುರು ಮೂವರು. ಹತ್ತು ಜನ ಇರೋದರಿಂದ ಇನ್ನೊಂದು ತುದಿಯಲ್ಲಿ ಇಬ್ಬರ ಎದುರು ಇಬ್ಬರು, ಐದು ನಿಮಿಷಕ್ಕೊಮ್ಮೆ ಅದಲುಬದಲು. ಐದರೆದುರು ಐದು ಆಡಿಸಿದರೆ ಜೋರಿನ ಮಗುವಿನ ಕೈಯಲ್ಲೇ ಚೆಂಡು ಉಳಿಯುತ್ತೆ. ಮೂವರಲ್ಲಿ ಯಾರೂ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ.

ಲೇಅಪ್ ಮಾತ್ರ ನಿಧಾನಕ್ಕೆ ಹಂತ ಹಂತವಾಗಿ ಕಲಿಸಿ. ಬಲಗೈ ಮಗುವಾದರೆ ಮೊದಲು ಚೆಂಡೇ ಬೇಡ. ರಿಂಗಿನ ಬಲಗಡೆ ನಿಂತು ಎಡಗಾಲು ಊರಿ ನೆಗೆತ, ಬಲಮೊಣಕಾಲು ಮೇಲೆ, ಬಲಗೈ ಮೇಲೆ. ಮೊಣಕಾಲು, ಮೊಣಕೈ ಒಂದೇ ದಾರದಲ್ಲಿ ಕಟ್ಟಿದ ಹಾಗೆ ಏಳಲಿ. ಅದು ಕೂತ ಮೇಲೆ ಚೆಂಡು ಕೊಟ್ಟು ಬೋರ್ಡಿನ ಚೌಕದ ಮೇಲಿನ ಬಲಮೂಲೆ ತೋರಿಸಿ. ಆಮೇಲೆ ಎರಡು ಹೆಜ್ಜೆ, ಬಲ–ಎಡ–ಮೇಲೆ, ನಡಿಗೆಯಲ್ಲಿ. ನೆಲದ ಮೇಲೆ ಪೇಂಟರ್ ಟೇಪಿನಲ್ಲಿ ಬಲಗಾಲಿಗೆ ಒಂದು ಬಣ್ಣ, ಎಡಗಾಲಿಗೆ ಒಂದು ಬಣ್ಣ ಅಂಟಿಸಿದರೆ ಬಾಯಲ್ಲಿ ಮತ್ತೆ ಮತ್ತೆ ಹೇಳೋದು ತಪ್ಪುತ್ತೆ. ಒಂದು ಡ್ರಿಬಲ್ ಸೇರಿಸೋದು ಮೂರನೇ ವಾರಕ್ಕೆ ಸಾಕು. ಓಡಿ ಬಂದು ತಪ್ಪು ಕಾಲಲ್ಲಿ ನೆಗೆದರೆ ಓಟ ಜಾಸ್ತಿಯಾಗಿದೆ ಅಂತ ಅರ್ಥ, ಮತ್ತೆ ನಡಿಗೆಗೆ ಇಳಿಸಿ. ಚೆಂಡು ಬೋರ್ಡಿಗೆ ಬಡಿದು ದೂರ ಸಿಡಿದರೆ ಮಗು ಮೇಲಕ್ಕೆ ನೆಗೆಯದೆ ಮುಂದಕ್ಕೆ ಹಾರುತ್ತಿದೆ.

ನಡತೆ ಬಗ್ಗೆ ಕೇಳಿದಿರಿ. ಕೊನೆಯಲ್ಲಿ ನಿಲ್ಲಿಸಿ ಭಾಷಣ ಮಾಡಿದರೆ ಮಕ್ಕಳ ಕಣ್ಣು ಬಾಗಿಲ ಕಡೆ. ಜಾನ್ ವುಡನ್ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಟೀಮಿಗೆ 12 ವರ್ಷದಲ್ಲಿ 10 ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆಲ್ಲಿಸಿದ ಕೋಚ್. ಅವರು ಸೀಸನ್ನಿನ ಶುರುವಿನಲ್ಲಿ ಕಲಿಸುತ್ತಿದ್ದದ್ದು ಕಾಲುಚೀಲ ಹಾಕೋದು: ಮಡಿಕೆ ಉಳಿದರೆ ಬೊಬ್ಬೆ ಏಳುತ್ತೆ, ಬೊಬ್ಬೆ ಎದ್ದರೆ ಪ್ರಾಕ್ಟೀಸ್ ತಪ್ಪುತ್ತೆ. ಆ ಥರದ ಸಣ್ಣ ಕೆಲಸಗಳನ್ನೇ ಹಂಚಿ. ಈ ವಾರ ಚೆಂಡು ಎಣಿಸೋದು ಯಾರು, ಟೇಪ್ ಕೀಳೋದು ಯಾರು, ರೆಫರಿಗೆ ಥ್ಯಾಂಕ್ಸ್ ಹೇಳಿ ಬರೋದು ಯಾರು ಅಂತ ಹೆಸರು ಬರೆದು ವಾರವಾರ ಬದಲಿಸಿ. ಬಿದ್ದವರನ್ನು ಹತ್ತಿರ ಇದ್ದವರು ಎಬ್ಬಿಸಬೇಕು, ಎದುರು ಟೀಮಿನವರಾದರೂ. ಆಟದಿಂದ ಹೊರಬಂದವರು ಬೆಂಚಿನಲ್ಲಿ ಎಲ್ಲರ ಕೈ ತಟ್ಟಿ ಕೂರಬೇಕು. ಇದನ್ನು ನೋಡಿದ ತಕ್ಷಣ ಹೆಸರು ಹಿಡಿದು ಭೇಷ್ ಅನ್ನಿ, ಬುಟ್ಟಿಗೆ ಬಿದ್ದ ಚೆಂಡಿಗೆ ಅಂದಷ್ಟೇ ಜೋರಾಗಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಮಕ್ಕಳ ಮನಸ್ಸು ಮುರಿಯೋದು ಸಾಮಾನ್ಯವಾಗಿ ಆಡೋ ಹೊತ್ತಿನ ಹಂಚಿಕೆಯಲ್ಲಿ. 32 ನಿಮಿಷದ ಮ್ಯಾಚನ್ನು 4 ನಿಮಿಷದ ಎಂಟು ಪಾಳಿ ಮಾಡಿ. ಐದು ಜನರಂತೆ ಒಟ್ಟು 40 ಜಾಗ. ಹತ್ತು ಮಕ್ಕಳಿದ್ದರೆ ತಲಾ 4 ಪಾಳಿ, 16 ನಿಮಿಷ. ಎಂಟೇ ಜನ ಬಂದರೆ ತಲಾ 5 ಪಾಳಿ. ಒಂಬತ್ತು ಬಂದರೆ ನಾಲ್ವರಿಗೆ ಒಂದೊಂದು ಪಾಳಿ ಹೆಚ್ಚು ಬೀಳುತ್ತೆ, ಯಾರಿಗೆ ಅಂತ ಬರೆದಿಟ್ಟು ಮುಂದಿನ ವಾರ ಉಳಿದವರಿಗೆ ಕೊಡಿ. ಪಟ್ಟಿಯನ್ನು ಶುಕ್ರವಾರ ರಾತ್ರಿಯೇ ಬರೆಯಿರಿ. ಸೋಲುವಾಗ ಅಲ್ಲೇ ನಿಂತು ಯೋಚಿಸಿದರೆ ಕೈ ತಾನಾಗಿ ಚುರುಕಿನ ಮಕ್ಕಳ ಕಡೆ ಹೋಗುತ್ತೆ.

ಝೋನ್ ಡಿಫೆನ್ಸ್ (ಎದುರಾಳಿಯನ್ನಲ್ಲ, ಕೋರ್ಟಿನ ಒಂದೊಂದು ಜಾಗವನ್ನು ಕಾಯೋದು) ಆಡಿಸಲೇಬೇಡಿ. ಈ ವಯಸ್ಸಿನವರಿಗೆ ದೂರದಿಂದ ಶಾಟ್ ಹೊಡೆಯೋಕೆ, ಉದ್ದ ಪಾಸ್ ಕೊಡೋಕೆ ಬಲ ಇರಲ್ಲ, ಹಾಗಾಗಿ ಝೋನ್ ಹಾಕಿದ ಟೀಮ್ ಸುಲಭವಾಗಿ ಗೆಲ್ಲುತ್ತೆ. ಆದರೆ ಆ ಮಕ್ಕಳು ಒಬ್ಬ ಆಟಗಾರನನ್ನು ಹಿಂಬಾಲಿಸಿ ಕಾಯೋದನ್ನು ಕಲಿಯೋದೇ ಇಲ್ಲ. ಹೈಸ್ಕೂಲಿಗೆ ಹೋದಾಗ ಸಿಕ್ಕಿಬೀಳೋದು ಅಲ್ಲೇ.

ನಮ್ಮ ಗುಂಪಿನಲ್ಲಿ ಆಗಾಗ ಬರೋ ಮಾತು, "ನಮ್ಮ ಮಕ್ಕಳಿಗೆ ಎತ್ತರ ಇಲ್ಲ." ಹತ್ತು ವರ್ಷಕ್ಕೆ ಆ ತೀರ್ಮಾನ ಬೇಡ. 5 ಅಡಿ 3 ಅಂಗುಲದ ಮಗ್ಸಿ ಬೋಗ್ಸ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದವರು. ಇನ್ನು ಬೇಗ ಬೆಳೆದ ಮಗುವನ್ನು ಸದಾ ರಿಂಗಿನ ಕೆಳಗೇ ನಿಲ್ಲಿಸಿದರೆ ಅದಕ್ಕೆ ಡ್ರಿಬಲ್ ಬರಲ್ಲ, ಹದಿನೈದಕ್ಕೆ ಉಳಿದವರು ಎತ್ತರದಲ್ಲಿ ಸರಿಗಟ್ಟಿದಾಗ ಮಾಡೋಕೆ ಕೆಲಸವೇ ಇರಲ್ಲ. ಎಲ್ಲರೂ ಎಲ್ಲ ಜಾಗದಲ್ಲೂ ಆಡಲಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು ಸರ್. ಟ್ರಾವೆಲ್ ಟೀಮಿಗೂ (ಬೇರೆ ಊರುಗಳಿಗೆ ಹೋಗಿ ಆಡೋ, ಆಯ್ದ ಮಕ್ಕಳ ಟೀಮ್) ಸೇರಿಸಿ ಅಂತ ಇಬ್ಬರು ಹೇಳಿದರು. ಅಪ್ಪ ಅಮ್ಮಂದಿರಿಗೆ ಏನು ಹೇಳಲಿ?

ಉತ್ತರ 2

ಒಂದೇ ಆಟಕ್ಕೆ ಕಟ್ಟಿಹಾಕೋದನ್ನು 14 ವರ್ಷದವರೆಗಾದರೂ ಮುಂದೂಡಿ ಅಂತ ಉತ್ತರ 1ರಲ್ಲಿ ಹೇಳಿದ ಯುಎಸ್‌ಎ ಬ್ಯಾಸ್ಕೆಟ್‌ಬಾಲ್–ಎನ್‌ಬಿಎ ಮಾರ್ಗಸೂಚಿಯಲ್ಲೇ ಇದೆ. 9ರಿಂದ 11ರವರಿಗೆ ವಾರಕ್ಕೆ ಒಂದೆರಡು ಮ್ಯಾಚ್, ಎರಡು ಪ್ರಾಕ್ಟೀಸ್ ಮಿತಿ. ಟ್ರಾವೆಲ್ ಟೀಮಿನವರನ್ನು ಕೇಳಿ: ಪ್ರಾಕ್ಟೀಸ್ ಎಷ್ಟು, ಮ್ಯಾಚ್ ಎಷ್ಟು? ಒಂದೇ ವಾರಾಂತ್ಯದಲ್ಲಿ ನಾಲ್ಕೈದು ಮ್ಯಾಚ್, ಪ್ರಾಕ್ಟೀಸ್ ಒಂದೇ ಅಂದರೆ ಈಗ ಬೇಡ. ಹಿಮ್ಮಡಿ ನೋವು, ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿ ನೋವು ಅಂದರೆ "ಬೆಳೆಯೋ ನೋವು" ಅಂತ ತಳ್ಳಿಹಾಕದೆ ಆಟ ಕಮ್ಮಿ ಮಾಡಿಸಿ, ಡಾಕ್ಟರಿಗೆ ತೋರಿಸೋಕೆ ಹೇಳಿ.

ಪೋಷಕರನ್ನು ಮೊದಲ ಪ್ರಾಕ್ಟೀಸಿಗೇ ಹತ್ತು ನಿಮಿಷ ಕೂರಿಸಿಕೊಳ್ಳಿ. ಪಾಳಿಯ ಪಟ್ಟಿ ತೋರಿಸಿ. ಗ್ಯಾಲರಿಯಿಂದ "ಶೂಟ್ ಮಾಡೋ", "ಪಾಸ್ ಕೊಡೇ" ಅಂತ ಕೂಗಬೇಡಿ ಅಂತ ಬಿಡಿಸಿ ಹೇಳಿ. ಕೋಚ್ ಒಂದು, ಅಪ್ಪ ಒಂದು ಹೇಳಿದರೆ ಮಗು ಚೆಂಡು ಹಿಡಿದು ನಿಂತುಬಿಡುತ್ತೆ. ವಾಪಸ್ ಕಾರಿನಲ್ಲಿ ಮ್ಯಾಚಿನ ವಿಚಾರ ಮಗುವೇ ಎತ್ತಲಿ. ತಿಂಡಿ ಮ್ಯಾಚಿಗೆ ಎರಡು ಮೂರು ಗಂಟೆ ಮುಂಚೆ, ಪೂರಿ ಬೇಡ, ಅವಲಕ್ಕಿ ಅಥವಾ ಇಡ್ಲಿ ಸಾಕು, ಮಧ್ಯೆ ಬಾಳೆಹಣ್ಣು. ನಿಮಗೆ ಬೇಕಾದ ಹಿನ್ನೆಲೆ ತಪಾಸಣೆ, ಸೇಫ್‌ಸ್ಪೋರ್ಟ್ ತರಬೇತಿ (ಆಟದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಆಗದಂತೆ ನೋಡಿಕೊಳ್ಳೋ ಪಾಠ) ಎರಡನ್ನೂ ಸೀಸನ್ ಶುರುವಾಗೋ ಮುಂಚೆ ಮುಗಿಸಿ. ಜೊತೆಗೆ ಇನ್ನೊಬ್ಬ ದೊಡ್ಡವರನ್ನು ಸಹಾಯಕ್ಕೆ ಒಪ್ಪಿಸಿ. ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಜಿಮ್ಮಿನಲ್ಲಿ ಇರಬಾರದು, ಕೊನೆಯ ಮಗು ಕಾರು ಹತ್ತೋವರೆಗೂ ಇಬ್ಬರು ಇರಬೇಕು.